ಮೂರನೆಯ ಮುಖ

ಪುರಭವನದ ಗೋಡೆಯ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಮೂವರ ಮುಖಗಳನ್ನೂ ಬರೆದವಳು ನಾನು. ಊರಿನವರು ಇಂದಿಗೂ ಅದು ನನ್ನ ಗಂಡ ವೆಂತೂರಾನ ಕೈಕೆಲಸ ಎಂದೇ ನಂಬಿದ್ದಾರೆ. ನಂಬಲಿ. ಅವರು ನಂಬಿಕೊಂಡಿರುವ ಸುಳ್ಳುಗಳ ಪೈಕಿ ಇದು ತೀರ ಸಣ್ಣದು.

ನಮ್ಮ ಪಿಯೆತ್ರಾಲ್ಬಾ ಊರಿನಲ್ಲಿ ಎರಡು ದೊಡ್ಡ ಮನೆತನಗಳು. ಗುಡ್ಡದ ಮೇಲಿನ ಕೇರಿ ತೊರ್ನೆಲ್ಲಿಗಳದ್ದು, ಹೊಳೆಯ ಕಡೆಯದು ಸಸ್ಸಾರ್ದಿಗಳದ್ದು. ಒಬ್ಬರು ತಮ್ಮ ಗೋಪುರವನ್ನು ಎತ್ತರಿಸಿದರೆ ಇನ್ನೊಬ್ಬರು ಮಾರನೆಯ ವರ್ಷವೇ ಅದಕ್ಕಿಂತ ಮೂರು ಮೊಳ ಮೇಲಕ್ಕೆ ಕಟ್ಟುತ್ತಿದ್ದರು. ಜಗಳ ಹುಟ್ಟಿದ್ದು ಯಾವುದಕ್ಕೆ ಗೊತ್ತೆ? ಹಬ್ಬದ ಮೆರವಣಿಗೆಯಲ್ಲಿ ಬಿಷಪ್ಪರ ತಲೆಯ ಮೇಲಿನ ಮೇಲ್ಕಟ್ಟಿನ ಮುಂದಿನ ಕೋಲನ್ನು ಯಾರು ಹಿಡಿಯಬೇಕು ಎಂಬುದಕ್ಕೆ. ಅಜ್ಜಂದಿರು ಆ ಕೋಲಿಗಾಗಿ ಕೊರಳಪಟ್ಟಿ ಹಿಡಿದುಕೊಂಡರು, ಅಪ್ಪಂದಿರು ಚೂರಿ ತೆಗೆದರು. ಮೊಮ್ಮಕ್ಕಳ ಕಾಲಕ್ಕೆ ಬರುವಷ್ಟರಲ್ಲಿ ಕೋಲು ಎಲ್ಲರಿಗೂ ಮರೆತುಹೋಗಿತ್ತು, ಹೆಣಗಳು ಮಾತ್ರ ನೆನಪಿದ್ದವು. ಎರಡು ಕೋಣ ಕಾದಾಡಿದರೆ ನಡುವಿನ ಗಿಡ ಸಾಯುತ್ತದೆ ಅನ್ನುತ್ತಾರಲ್ಲ, ಆ ಗಿಡ ನಾವು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಪಕ್ಕದ ಊರಿನ ದಂಡು ಹೊಳೆಬಾಗಿಲಿನಿಂದ ನುಗ್ಗಿ ಊರಿನ ಕಣಜಕ್ಕೆ ಬೆಂಕಿ ಇಟ್ಟಿತು. ಬಾಗಿಲು ತೆಗೆದವರು ಯಾರು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಬೂದಿ ಆರುವ ಮೊದಲೇ ಗುಡ್ಡದ ಮನೆಯ ಯಜಮಾನ ಬಲ್ದೊ ತೊರ್ನೆಲ್ಲಿಗೆ ಗೊತ್ತಾಗಿಬಿಟ್ಟಿತ್ತು. ಡಂಗುರದವನು ಸಸ್ಸಾರ್ದಿಗಳೇ ದ್ರೋಹಿಗಳೆಂದು ಬೀದಿ ಬೀದಿಯಲ್ಲಿ ಸಾರಿದ. ಪಾದ್ರಿ ಭಾನುವಾರದ ಬೋಧನೆಯಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಕಥೆ ಹೇಳಿ ಹೊಳೆಯ ಕಡೆಗೆ ಕೈ ತೋರಿಸಿದ. ಎಲ್ಲಿಂದಲೋ ಒಂದು ಹಾಡು ಹುಟ್ಟಿಕೊಂಡಿತು:

ಲೊತ್ತೊ ತಂದ ಬೆಂಕಿ, ಉಗೊ ತಂದ ಹುಲ್ಲು,
ನೇರಿ ತೆಗೆದ ಬಾಗಿಲಿಗೆ ನಮ್ಮೆಲ್ಲರ ಕಲ್ಲು.

ಲೊತ್ತೊ, ಉಗೊ, ನೇರಿ ಸಸ್ಸಾರ್ದಿ ಮನೆಯ ಮೂವರು ಗಂಡುಮಕ್ಕಳು. ನಾನೂ ಬಟ್ಟೆ ಒಗೆಯುತ್ತ ಆ ಹಾಡು ಹಾಡಿದ್ದೇನೆ. ಹಸಿದ ಬಾಯಿಗೆ ರೊಟ್ಟಿ ಸಿಗದಿದ್ದಾಗ ಬೈಗುಳವಾದರೂ ಬೇಕು. ವಾರದೊಳಗೆ ಸಸ್ಸಾರ್ದಿ ಯಜಮಾನನನ್ನು ಅವನ ಹೊಸ್ತಿಲಲ್ಲೇ ಕಡಿದರು. ದೊಡ್ಡ ಮಕ್ಕಳಿಬ್ಬರು ಪೀಸಾಕ್ಕೆ ಓಡಿಹೋದರು. ಅವರ ತಾಯಿ ಗಿಸೋಲಾ ಕೂದಲು ಕತ್ತರಿಸಿಕೊಂಡು ಕನ್ಯಾಸ್ತ್ರೀಯರ ಮಠ ಸೇರಿದಳು.

ತಪ್ಪಿಸಿಕೊಂಡ ದ್ರೋಹಿಯ ಮೈ ಸಿಗದಿದ್ದರೆ ಅವನ ಚಿತ್ರವನ್ನಾದರೂ ನೇತುಹಾಕಬೇಕು ಎಂಬುದು ನಮ್ಮ ಕಡೆಯ ಕಾನೂನು. ಪುರಭವನದ ಗೋಡೆಯ ಮೇಲೆ, ಒಂದು ಕಾಲಿಗೆ ಹಗ್ಗ, ತಲೆ ಕೆಳಗೆ, ಕೆಳಗಡೆ ಹೆಸರು. ಹೆಸರು ಓದಬಲ್ಲವರು ಹತ್ತರಲ್ಲಿ ಒಬ್ಬರು, ಹಾಗಾಗಿ ಮುಖ ಹೋಲಲೇಬೇಕು. ಇಂಥ ಕೆಲಸವನ್ನು ಚಿತ್ರಗಾರರು ಯಾರೂ ಖುಷಿಯಿಂದ ಒಪ್ಪುವುದಿಲ್ಲ, ಒಮ್ಮೆ ಮಾಡಿದರೆ ಸಾಯುವ ತನಕ ‘ನೇಣಿನವನು’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಆದರೆ ಬಲ್ದೊ ತೊರ್ನೆಲ್ಲಿ ಮನೆಗೆ ಬಂದು ನಗುನಗುತ್ತಾ ಕೇಳಿದರೆ ಆಗುವುದಿಲ್ಲ ಅನ್ನಲು ನಾವೇನು ಬಿಷಪ್ಪರೆ?

ವೆಂತೂರಾನ ಬಲಗೈ ಆರು ವರ್ಷದಿಂದ ನಡುಗುತ್ತಿತ್ತು. ಗಾರೆ ಹಚ್ಚುವುದು, ಬಟ್ಟೆಯ ಮಡಿಕೆ, ಹಗ್ಗ, ಮರ ಇವನ್ನೆಲ್ಲ ಹೇಗೋ ನಿಭಾಯಿಸುತ್ತಿದ್ದ. ಮುಖಗಳು ನನ್ನವು. ಅಟ್ಟಣಿಗೆಗೆ ಸುತ್ತಲೂ ಗೋಣಿತಾಟು ಕಟ್ಟಿಸಿ, ಸುಣ್ಣದ ನೀರು ಹೊರುವವಳ ಹಾಗೆ ಒಳಗೆ ಹೋಗಿ ಕುಂಚ ಹಿಡಿಯುತ್ತಿದ್ದೆ. ನಮ್ಮೂರ ಇಗರ್ಜಿಯಲ್ಲಿ ಜನ ಮೊಣಕಾಲೂರಿ ಬೇಡಿಕೊಳ್ಳುವ ಮೂವರು ಸಂತರು ನನ್ನ ಕೈಯಲ್ಲಿ ಹುಟ್ಟಿದವರು. ಹೆಂಗಸು ಕುಂಚ ಹಿಡಿದದ್ದು ಚಿತ್ರಗಾರರ ಸಂಘಕ್ಕೆ ತಿಳಿದಿದ್ದರೆ ನಮ್ಮಿಬ್ಬರನ್ನೂ ಬೀದಿಗೆ ಹಾಕುತ್ತಿದ್ದರು.

ಶನಿವಾರ ಮಧ್ಯಾಹ್ನ ಬಲ್ದೊ ತಾಟು ಸರಿಸಿ ಒಳಗೆ ಬಂದ. ನಾನು ಬಕೆಟ್ಟಿನ ಮುಂದೆ ಕುಕ್ಕರಿಸಿದೆ.

“ಎರಡೇ ಇದಾವಲ್ಲೋ ವೆಂತೂರಾ. ಮೂರನೇ ಹಂದಿ ಎಲ್ಲಿ?”

“ನೇರಿನ ನಾವ್ಯಾರೂ ಕಂಡಿಲ್ಲ ದಣೀ. ಏಳು ವರ್ಷದ ಮಗು ಇದ್ದಾಗ್ಲೇ ಬೊಲೋನ್ಯಾಕ್ಕೆ ಓದೋಕೆ ಕಳಿಸಿಬಿಟ್ರು. ಬರೀ ಹೆಸರು ಬರೆಯೋಣ ಅಂತಿದ್ದೆ.”

“ಹೆಸರಿಗೆ ಯಾವನಾದ್ರೂ ಸಗಣಿ ಎಸೀತಾನೇನೋ? ಮುಖ ಬೇಕು. ನಾಳೆ ಪೂಜೆ ಮುಗಿಸ್ಕೊಂಡು ಜನ ಸೀದಾ ಇಲ್ಲಿಗೇ ಬರ್ತಾರೆ.”

“ಯಾರ ಮುಖ ಹಾಕ್ಲಿ ದಣೀ?”

“ಯಾರದಾದ್ರೂ ಹಾಕು. ಬೊಲೋನ್ಯಾದಲ್ಲಿ ಓದಿದವನಿಗೂ ಮೂಗು ಒಂದೇ ಇರೋದು.” ತನ್ನ ಮಾತಿಗೆ ತಾನೇ ನಕ್ಕು ಹೊರಟುಹೋದ.

ಏಳು ವರ್ಷಕ್ಕೇ ಊರು ಬಿಟ್ಟವನು ಹೊಳೆಬಾಗಿಲು ಹೇಗೆ ತೆಗೆದ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗಾರೆ ಹಚ್ಚಿಯಾಗಿತ್ತು. ಹಸಿಗಾರೆ ಯಾರಿಗೂ ಕಾಯುವುದಿಲ್ಲ, ಒಣಗಿದ ಮೇಲೆ ಬಳಿದ ಬಣ್ಣ ವರ್ಷದೊಳಗೆ ಉದುರುತ್ತದೆ. ನಾನು ಹಲಗೆಯ ಮೇಲೆ ಇದ್ದಲಿನಿಂದ ಒಂದು ಮುಖ ಎಳೆದೆ, ಅಳಿಸಿದೆ, ಇನ್ನೊಂದು ಎಳೆದೆ, ಅಳಿಸಿದೆ. ಮೂರನೆಯ ಸಲ ಕೈ ತನ್ನಷ್ಟಕ್ಕೆ ಓಡಿತು. ನನಗೆ ಕಂಠಪಾಠವಾಗಿದ್ದ ಮುಖ ಲೋಕದಲ್ಲಿ ಒಂದೇ ಇತ್ತು.

ನಮ್ಮ ಮಗ ಬಿಂದೊನನ್ನು ಹನ್ನೆರಡನೆಯ ವರ್ಷಕ್ಕೆ ಪೀಸಾದಲ್ಲಿ ಚರ್ಮ ಹದ ಮಾಡುವ ನನ್ನ ಅಣ್ಣನ ಹತ್ತಿರ ಬಿಟ್ಟಿದ್ದೆವು. ಒಂಬತ್ತು ವರ್ಷ ಅವನು ಊರ ಮುಖ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ನಾನು ಲುಕ್ಕಾಕ್ಕೆ ಹರಕೆ ತೀರಿಸಲು ಹೋದಾಗ ಅಲ್ಲಿಗೆ ಬಂದು ಒಂದು ಹಗಲು ನನ್ನ ಜೊತೆಗಿದ್ದ. ಆ ಹಗಲೆಲ್ಲ ನಾನು ಅವನನ್ನು ನೋಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಹೆತ್ತವಳಿಗೆ ಹೆಗ್ಗಣ ಮುದ್ದು. ನನ್ನ ಹೆಗ್ಗಣ ನಿಜಕ್ಕೂ ಚೆಂದವಿತ್ತು.

ಹಲಗೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟುಕೊಂಡು ಗೋಡೆಗೆ ಇಳಿಸಿದೆ. ಹುಬ್ಬು ಮುಗಿಯುವಷ್ಟರಲ್ಲಿ ವೆಂತೂರಾ ಹಿಂದೆ ಬಂದು ನಿಂತ.

“ಲಾಪಾ, ಇದು ನಮ್ಮ ಬಿಂದೊ ಕಣೇ.”

“ಸುಮ್ನಿರಿ. ಗಾರೆ ಒಣಗ್ತಿದೆ.”

“ಅಳಿಸೇ. ಬೇರೆ ಯಾರನ್ನಾದ್ರೂ ಬರಿ. ಆ ಮೀನು ಮಾರೋ ಮುದುಕನ್ನ ಬರಿ.”

“ತಲೆಕೆಳಗಾದ ಮುಖ ಹೆತ್ತಪ್ಪನಿಗೆ ಗೊತ್ತಾಗುತ್ತೆ, ಊರಿಗೆ ಗೊತ್ತಾಗಲ್ಲ. ಅವನು ಇಲ್ಲಿಗೆ ಬರೋದಾದ್ರೂ ಯಾವಾಗ?”

ಅವನು ಹಗ್ಗದ ಬಣ್ಣ ಕಲಸಲು ಹೋದ. ಹೋಗಬಾರದಿತ್ತು, ನನ್ನ ಕೈಯಿಂದ ಕುಂಚ ಕಿತ್ತುಕೊಳ್ಳಬೇಕಿತ್ತು. ಈಗ ಇಷ್ಟು ವರ್ಷದ ಮೇಲೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ. ನಾನು ಅಳಿಸದೆ ಇದ್ದದ್ದು ಗಾರೆ ಒಣಗುವ ಭಯಕ್ಕಷ್ಟೇ ಅಲ್ಲ. ಅಷ್ಟು ಒಳ್ಳೆಯ ಮುಖ ನಾನು ಅದುವರೆಗೆ ಬರೆದಿರಲಿಲ್ಲ.

ಭಾನುವಾರ ತಾಟು ಇಳಿಸಿದರು. ಜನ ಮೊದಲು ಕತ್ತು ವಾರೆ ಮಾಡಿ ನೋಡಿದರು, ಆಮೇಲೆ ಕೂಗತೊಡಗಿದರು. ಮೊದಲಿನ ಇಬ್ಬರನ್ನು ಊರು ಕಂಡಿತ್ತು, ಮೂರನೆಯವನು ಹೊಸಬ. ಅವನ ಮೇಲೆಯೇ ಎಲ್ಲರ ಕಣ್ಣು.

“ನೋಡೋಕೆ ಎಷ್ಟು ಲಕ್ಷಣವಾಗಿದಾನೆ ನೋಡ್ರೇ. ಹೊಟ್ಟೆ ತುಂಬ ವಿಷ,” ಎಂದಳು ನನ್ನ ಪಕ್ಕದಲ್ಲಿ ನಿಂತಿದ್ದ ತರಕಾರಿಯವಳು. ಅಂಥ ಮುದ್ದು ಮುಖದವನೇ ಬಾಗಿಲು ತೆಗೆದಿರಬೇಕು, ಕಾವಲಿನವರು ಅದಕ್ಕೇ ಮರುಳಾಗಿರಬೇಕು ಎಂದು ಸಂಜೆಯ ಹೊತ್ತಿಗೆ ಊರೇ ತೀರ್ಮಾನಿಸಿತು. ಮಕ್ಕಳನ್ನು ಹೆದರಿಸಿ ಉಣಿಸಲು ಅವನ ಹೆಸರು ಹೇಳತೊಡಗಿದರು. ಆ ಗೋಡೆಯನ್ನು ಮುಟ್ಟಿದವರ ಕೈ ಕಡಿಯಬೇಕೆಂಬುದು ಆಜ್ಞೆ, ಆದರೆ ದೂರದಿಂದ ಏನು ಬೇಕಾದರೂ ಎಸೆಯಬಹುದು. ದಿನಾ ನೀರಿಗೆ ಹೋಗುವಾಗ ನನ್ನ ಮಗನ ಕೆನ್ನೆಯ ಮೇಲೆ ಒಣಗಿದ ಸಗಣಿ ನೋಡುತ್ತಿದ್ದೆ. ಬಣ್ಣ ಸರಿಪಡಿಸುವ ನೆಪ ಹೇಳಿ ಒಂದು ದಿನ ಅಪ್ಪಣೆ ಕೇಳಲು ವೆಂತೂರಾನನ್ನು ಬಲ್ದೊನ ಹತ್ತಿರ ಕಳಿಸಿದೆ. “ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರೋ ಚಿತ್ರಾನ ಯಾಕಯ್ಯಾ ಕೆಡಿಸ್ತೀಯ?” ಎಂದು ಬೆನ್ನು ತಟ್ಟಿ ಕಳಿಸಿದನಂತೆ.

ಈಸ್ಟರಿನ ಹಿಂದಿನ ವಾರ ಬಿಂದೊ ಬಂದ. ಕಸುಬು ಪೂರ್ತಿ ಕಲಿತು, ಅಪ್ಪ ಅಮ್ಮನಿಗೆ ಹೇಳದೆ ಕೇಳದೆ ಎದುರು ಬಂದು ನಿಂತು ಖುಷಿಪಡಿಸಬೇಕೆಂದು ಬಂದ. ಅದೂ ಪೀಸಾದ ರಸ್ತೆಯಿಂದ. ಊರಬಾಗಿಲಿನ ಕಾವಲಿನವನು ಅವನನ್ನು ಒಂದು ಸಲ ನೋಡಿದ, ಕತ್ತು ವಾರೆ ಮಾಡಿ ಇನ್ನೊಂದು ಸಲ ನೋಡಿದ, ಕಹಳೆ ಊದಿದ. ನನಗೆ ಸುದ್ದಿ ಮುಟ್ಟಿ ನಾನು ಚೌಕಕ್ಕೆ ಓಡಿ ಬರುವ ಹೊತ್ತಿಗೆ ಅವನ ಬಾಯಲ್ಲಿ ರಕ್ತವಿತ್ತು, ಸುತ್ತ ಹಾಡು ನಡೆದಿತ್ತು. “ಅವ್ವಾ, ಇವರಿಗೆ ಏನಾಗಿದೆ?” ಎಂದು ಕೂಗಿದ. ನಾನು “ಅವನು ನನ್ನ ಮಗ” ಎಂದೆ. ಯಾರಿಗೂ ಕೇಳಿಸಲಿಲ್ಲ.

ನಮ್ಮೂರಿಗೆ ವರ್ಷಕ್ಕೊಬ್ಬ ನ್ಯಾಯಾಧಿಪತಿಯನ್ನು ಹೊರಗಿನಿಂದ ಕರೆಸುತ್ತಾರೆ, ಊರಿನವರನ್ನು ಊರಿನವರೇ ನಂಬುವುದಿಲ್ಲವಲ್ಲ, ಅದಕ್ಕೆ. ಆ ವರ್ಷದವನು ಗಂಟಲು ಕೆಟ್ಟ, ಬಿಳಿಚಿಕೊಂಡ ಮನುಷ್ಯ, ಕೆಟ್ಟವನಲ್ಲ. ಮಾರನೆಯ ದಿನ ಅವನ ಮುಂದೆ ವೆಂತೂರಾ ನಡುಗುವ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತು, ನೇರಿಯನ್ನು ತಾನು ನೋಡಿರಲಿಲ್ಲ, ತನ್ನ ಸ್ವಂತ ಮಗನ ಮುಖ ಬರೆದೆ ಎಂದು ಒಪ್ಪಿಕೊಂಡ. ಸಭೆಯಲ್ಲಿ ಗುಜುಗುಜು ಎದ್ದಿತು. ಬಲ್ದೊ ಎದ್ದು ನಿಂತ.

“ಅವತ್ತು ಇವನು ನೇರಿ ಅಂದೆ. ಇವತ್ತು ಬಿಂದೊ ಅಂತೀಯ. ಅವತ್ತು ಸುಳ್ಳು ಹೇಳಿದ್ಯೋ, ಇವತ್ತೋ?”

“ಅವತ್ತು ದಣೀ. ನೀವೇ ಯಾರದಾದ್ರೂ ಹಾಕು ಅಂದ್ರಿ...”

“ನಾನು? ಕೇಳಿಸ್ಕೊಳ್ಳಿ ಸ್ವಾಮಿ. ಸಸ್ಸಾರ್ದಿಗಳು ಇವನಿಗೆ ಎಷ್ಟು ಕೊಟ್ಟಿದಾರೋ, ಈಗ ಬಾಗಿಲು ತೆಗೆದವನು ನಾನೇ ಅಂತಲೂ ಅಂದುಬಿಟ್ಟಾನು.”

ಜನ ನಕ್ಕರು. ಪೀಸಾದಿಂದ ನನ್ನ ಅಣ್ಣನನ್ನು ಕರೆಸಿ ಎಂದೆ ನಾನು. ಪೀಸಾದಲ್ಲಿ ಸಸ್ಸಾರ್ದಿಗಳೇ ಕೂತಿದ್ದಾರೆ, ಅಲ್ಲಿಂದ ಬರುವ ಸಾಕ್ಷಿ ಎಂಥದ್ದು ಎಂದ ಬಲ್ದೊ. ನೆರೆಹೊರೆಯವರನ್ನು ಕೇಳಿದರು. ಒಬ್ಬೊಬ್ಬರೂ ಮೊದಲು ಬಲ್ದೊನ ಮುಖ ನೋಡಿ, ಆಮೇಲೆ ನನ್ನ ಮಗನ ಮುಖ ನೋಡಿ, ಹನ್ನೆರಡು ವರ್ಷದ ಹುಡುಗನನ್ನು ಕಂಡವರು ಈಗ ಹೇಗೆ ಹೇಳುವುದು ಎಂದರು. ನಾನು ಕೈಯಾರೆ ಗಂಜಿ ಕುಡಿಸಿದ್ದ ಬಾಣಂತಿ ಕೂಡ ಹಾಗೇ ಅಂದಳು.

ನ್ಯಾಯಾಧಿಪತಿ ಕೆಮ್ಮಿ, ಸಾವಕಾಶವಾಗಿ ಹೇಳಿದ: “ನೇರಿಯ ತಾಯಿ ಇದೇ ಊರಿನ ಮಠದಲ್ಲಿದ್ದಾರಲ್ಲ. ನಾಳೆ ಬಂದು ಸುವಾರ್ತೆಯ ಗ್ರಂಥ ಮುಟ್ಟಿ ಹೇಳ್ಲಿ.”

“ತಾಯಿ ಇನ್ನೇನು ಹೇಳ್ತಾಳೆ ಸ್ವಾಮಿ? ಮಗನ್ನ ಉಳಿಸೋಕೆ ಅಲ್ಲ ಅಂತಾಳೆ,” ಎಂದ ಬಲ್ದೊ.

“ಅಲ್ಲ ಅಂದ್ರೆ ಇಬ್ಬರು ತಾಯಂದಿರ ಮಾತೂ ಒಂದೇ ಆಯ್ತು. ಆಗ ನಾನು ಇವನ ತಲೆ ತೆಗೆಯೋಲ್ಲ.”

ನನಗೆ ಜೀವ ಬಂದ ಹಾಗಾಯಿತು. ಗಿಸೋಲಾ ಬಂದು ನಿಜ ಹೇಳಿದರೆ ಸಾಕಿತ್ತು. ಯಾರದೋ ಮಗನನ್ನು ತನ್ನವನೆಂದು ಹೇಳಿ ಕತ್ತಿಗೆ ಕೊಡುವುದರಲ್ಲಿ ಅವಳಿಗೇನು ಲಾಭ? ಹಾಗಂದುಕೊಂಡು ಅದೇ ಮಧ್ಯಾಹ್ನ ಮಠಕ್ಕೆ ಓಡಿದೆ. ಓಡದೆ ಮನೆಯಲ್ಲಿ ಕೂತಿದ್ದರೆ ಆಗುತ್ತಿತ್ತು.

ಅವಳು ಅಂಗಳದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಹಿಂದೆ ಅವಳು ಬೀದಿಯಲ್ಲಿ ಬಂದರೆ ನಾವು ಗೋಡೆಗೆ ಅಂಟಿಕೊಳ್ಳುತ್ತಿದ್ದೆವು. ಈಗ ಉಗುರಿನೊಳಗೆ ಹಸಿರು ಮೆತ್ತಿತ್ತು.

“ಚಿತ್ರಗಾರನ ಹೆಂಡತಿ ಅಲ್ವಾ ನೀನು?”

“ಹೌದಮ್ಮಾ.” ಮೊಣಕಾಲೂರಿದೆ. “ನಾಳೆ ನಿಜ ಹೇಳಿಬಿಡಿ ಅಮ್ಮಾ. ಅವನು ನಿಮ್ಮ ಮಗ ಅಲ್ಲ. ಅಷ್ಟು ಹೇಳಿದ್ರೆ ಸಾಕು, ನಿಮ್ಮ ಪಾದ ತೊಳೆದು ಕುಡೀತೀನಿ.”

ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಲೊತ್ತೊನ ಗದ್ದದ ಮಚ್ಚೆ ಬಲಗಡೆ ಇರೋದು. ನಿನ್ನ ಗಂಡ ಎಡಗಡೆ ಹಾಕಿದಾನೆ.”

ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಬರೆದಿದ್ದು ನಾನು ಅಮ್ಮಾ. ಮೂರೂ ನಾನೇ. ತಲೆಕೆಳಗೆ ಬರೆಯೋವಾಗ ಎಡಬಲ ತಪ್ಪಿಹೋಯ್ತು.”

ಆಗ ತಲೆ ಎತ್ತಿ ನೋಡಿದಳು. ಆಮೇಲೆ ಪಕ್ಕದ ಕಟ್ಟೆ ತೋರಿಸಿ, “ಕೂತ್ಕೋ,” ಎಂದಳು. “ನಿನ್ನ ಮಗನಿಗೆ ವಯಸ್ಸೆಷ್ಟು?”

“ಇಪ್ಪತ್ತೊಂದು.”

“ನೇರಿಗೂ ಅಷ್ಟೇ. ನಾನು ಅವನನ್ನ ನೋಡಿ ಹದಿನಾಲ್ಕು ವರ್ಷ ಆಯ್ತು. ಇವತ್ತು ಎದುರಿಗೆ ಬಂದ್ರೂ ನನಗೆ ಗುರುತು ಸಿಗಲಿಕ್ಕಿಲ್ಲ.” ಒಂದು ಕಾಯಿ ಬಿಡಿಸಿದಳು. “ನ್ಯಾಯಾಧಿಪತಿ ಅದನ್ನೇ ಕೇಳ್ತಾನೆ. ಅಷ್ಟು ಚಿಕ್ಕವನಿದ್ದಾಗ ಕಳಿಸಿದವಳು, ಇವನಲ್ಲ ಅಂತ ಹೇಗೆ ಹೇಳ್ತೀಯಮ್ಮಾ ಅಂತ. ಅವನ ಮೈಮೇಲೆ ಏನಾದ್ರೂ ಗುರುತಿದ್ರೆ ಹೇಳು. ಅಂಥದ್ದು ನನ್ನ ಮಗನಿಗಿಲ್ಲ ಅನ್ನಬಹುದು.”

ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ. “ಇದೆ ಅಮ್ಮಾ, ಎಡಭುಜದ ಹಿಂದೆ ಸುಟ್ಟ ಕಲೆ. ಮೂರು ವರ್ಷದವನಿದ್ದಾಗ ಕಾದ ಅಂಟಿನ ಮಡಕೆ ಮೈಮೇಲೆ ಎಳ್ಕೊಂಡಿದ್ದ. ಅಂಗೈಯಷ್ಟಗಲ, ಅಂಚು ಸುಕ್ಕುಸುಕ್ಕು.”

“ಎಡಭುಜ.”

“ಹೌದು. ನಿಮ್ಮ ಮಗನಿಗೆ ಅದಿಲ್ಲವಲ್ಲ?”

“ಇಲ್ಲ. ನನ್ನ ಮಗನಿಗೆ ಇಲ್ಲ.” ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟಳು. “ತೊರ್ನೆಲ್ಲಿ ಸವಾರರು ಇನ್ನೂ ನೇರಿನ ಹುಡುಕ್ತಾ ಇದಾರಾ?”

“ಬೊಲೋನ್ಯಾ ತನಕ ಹೋಗಿದ್ರಂತೆ ಅಮ್ಮಾ. ನನ್ನ ಬಿಂದೊನ ಹಿಡಿದ ಮೇಲೆ ವಾಪಸ್ ಬನ್ನಿ ಅಂತ ಹೇಳಿ ಕಳಿಸಿದಾರೆ. ಇನ್ನು ಹುಡುಕೋದು ಯಾಕೆ ಅಂತ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದ್ದನ್ನೂ ಹೇಳಿದೆ, ಕೇಳದ್ದನ್ನೂ ಹೇಳಿದೆ. ಅವಳು ಒಳಗೆ ಹೋಗಿ ಒಂದು ರೊಟ್ಟಿ ತಂದು ನನ್ನ ಮಡಿಲಿಗೆ ಹಾಕಿ, “ನಾಳೆ ಬರ್ತೀನಿ,” ಎಂದಳು. ದಾರಿಯಲ್ಲಿ ನಾನು ಆ ರೊಟ್ಟಿಯನ್ನು ಹಸಿವಿನಿಂದ ತಿಂದೆ. ಎರಡು ದಿನದಿಂದ ಏನೂ ಇಳಿದಿರಲಿಲ್ಲ.

ಮರುದಿನ ಅವಳು ಕರಿಬಟ್ಟೆಯಲ್ಲಿ ಬಂದಳು. ಜನ ಉಗುಳಿದರು, ಒರೆಸಿಕೊಳ್ಳಲಿಲ್ಲ. ನ್ಯಾಯಾಧಿಪತಿಯ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಮಗನ ಹತ್ತಿರ ಹೋಗಿ ಅವನ ಎರಡೂ ಕೆನ್ನೆ ಹಿಡಿದುಕೊಂಡಳು.

“ಏನಪ್ಪಾ ನೇರಿ, ಇಷ್ಟು ಸೊರಗಿಬಿಟ್ಟಿದೀಯ?”

ಬಿಂದೊ ತಬ್ಬಿಬ್ಬಾಗಿ, “ಅಮ್ಮಾ, ನೀವ್ಯಾರು?” ಎಂದ.

“ನನ್ನ ಮೇಲೆ ಏನೂ ಬರದೆ ಇರ್ಲಿ ಅಂತ ಹಾಗಂತಾನೆ,” ಎಂದಳು ಅವಳು ನ್ಯಾಯಾಧಿಪತಿಗೆ. “ಎಡಭುಜದ ಅಂಗಿ ಸರಿಸಿ ನೋಡಿ. ಮೂರು ವರ್ಷದವನಿದ್ದಾಗ ಅಡುಗೆಮನೆಯಲ್ಲಿ ಸುಟ್ಟುಕೊಂಡಿದ್ದ. ಅಂಗೈಯಷ್ಟಗಲ ಇರ್ಬೇಕು, ಅಂಚು ಸುಕ್ಕು.”

ಅಂಗಿ ಹರಿದರು. ಕಲೆ ಇತ್ತು.

ನಾನು ಹೇಗೆ ಕಿರುಚಿದೆನೋ ನನಗೇ ಗೊತ್ತಿಲ್ಲ. “ನಿನ್ನೆ ನಾನೇ ಹೇಳಿದ್ದು! ನಾನೇ ಹೋಗಿ ಹೇಳಿದ್ದು ಇವಳಿಗೆ!”

“ಹೋಗಿದ್ಯಾ?” ಬಲ್ದೊನ ಹುಬ್ಬು ಮೇಲೇರಿತು. “ದ್ರೋಹಿ ಮನೆಯವಳ ಹತ್ತಿರ ಏನು ಮಾತುಕತೆ ಇತ್ತಮ್ಮಾ ನಿಂದು?”

ನ್ಯಾಯಾಧಿಪತಿ ಗಿಸೋಲಾಳನ್ನು ಕೇಳಿದ. ಅವಳು ಸುವಾರ್ತೆಯ ಮೇಲೆ ಕೈಯಿಟ್ಟು, ಧ್ವನಿ ಏರಿಸದೆ ಹೇಳಿದಳು: “ಬಂದಿದ್ದಳು ಸ್ವಾಮಿ. ಮೊಣಕಾಲೂರಿ ಬೇಡಿಕೊಂಡ್ಲು. ಅವನು ನಿಮ್ಮ ಮಗ ಅಲ್ಲ ಅಂತ ಹೇಳಿ, ಪಾದ ತೊಳೆದು ಕುಡೀತೀನಿ ಅಂದ್ಲು.” ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ನಿಮ್ಮ ಮಾತಿಗೆ ಇವನ ತಲೆ ಹೋಗುತ್ತೆ. ಗೊತ್ತಿದೆಯಾ?”

“ಗೊತ್ತು. ಹೂಳೋಕೆ ನನಗೆ ಕೊಡಿ. ಅಷ್ಟೇ ಕೇಳೋದು.”

ಹೆತ್ತ ತಾಯಿಯೇ ಮಗನ ಸಾವು ಒಪ್ಪಿಕೊಂಡಳೆಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿದೆ? ನ್ಯಾಯಾಧಿಪತಿಯ ಕಣ್ಣಲ್ಲಿ ನೀರಿತ್ತು. ಅಂಥ ಸತ್ಯವಂತೆಯನ್ನು ತಾನು ಕಂಡಿಲ್ಲ ಎಂದ. ಬಿಂದೊ ಅವಳನ್ನೂ ನನ್ನನ್ನೂ ಸರದಿಯಲ್ಲಿ ನೋಡಿದ. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಇದನ್ನು ನಿಲ್ಲಿಸುತ್ತಾರೆ ಎಂದು ಕಾಯುವವನ ಹಾಗೆ ನೋಡಿದ.

ಚರ್ಮ ಹದ ಮಾಡುವವನಿಗಾದರೆ ಹಗ್ಗ. ನೇರಿ ಸಸ್ಸಾರ್ದಿ ದೊಡ್ಡ ಮನೆಯವನು, ಹಾಗಾಗಿ ಕತ್ತಿಯ ಮರ್ಯಾದೆ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ, ಅವನದೇ ಚಿತ್ರದ ಎದುರಿಗೆ, ಊರೆಲ್ಲ ಹಾಡುತ್ತಿರುವಾಗ. ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು. ವೆಂತೂರಾ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಸಾಯುವ ತನಕ ಸರಿಯಾಗಿ ಏಳಲೇ ಇಲ್ಲ.

ನಿಜವಾದ ನೇರಿ ಮೂರು ವರ್ಷದ ಮೇಲೆ ಅಣ್ಣಂದಿರ ಜೊತೆ ಕುದುರೆಯೇರಿ ಬಂದ. ಗುಂಡುಮುಖ, ಸಣ್ಣಕಣ್ಣು, ನನ್ನ ಮಗನಿಗೂ ಅವನಿಗೂ ಹೋಲಿಕೆ ಇರಲಿಲ್ಲ. ಆಗ ತೊರ್ನೆಲ್ಲಿಗಳು ಓಡಿಹೋದರು, ಗೋಡೆಗೆ ಸುಣ್ಣ ಬಿತ್ತು, ಹೊಸ ಹಾಡು ಹುಟ್ಟಿತು. ನಿರಪರಾಧಿಯನ್ನು ಕೊಂದ ಬಲ್ದೊ ಎಂದು ಅದರಲ್ಲಿ ಬರುತ್ತದೆ. ನಿರಪರಾಧಿಗೆ ಒಂದು ಹೆಸರಿತ್ತು ಎಂದು ಬರುವುದಿಲ್ಲ. ಬಲ್ದೊನ ಮುಖ ಬರೆಯಲು ಚಿತ್ರಗಾರರನ್ನು ಹುಡುಕಿಕೊಂಡು ನಮ್ಮ ಮನೆಗೂ ಬಂದಿದ್ದರು. ಬಾಗಿಲು ಹಾಕಿಕೊಂಡೆ.

ಗಿಸೋಲಾಳನ್ನು ನಾನು ಕ್ಷಮಿಸಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವಳು ಮಾಡಿದ್ದನ್ನೇ ಮಾಡುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಕ್ಷಮಿಸಿಲ್ಲ.

ಆದರೆ ಹೇಳಬೇಕಾದದ್ದು ಹೂಳುವ ದಿನದ ಮಾತು. ಅವನನ್ನು ಅವಳಿಗೆ ಕೊಟ್ಟರು. ತಲೆಯನ್ನು ಕೊರಳಿಗೆ ಹೊಲಿಸಿ, ತೊಳೆಸಿ, ಮಠದ ಹಿತ್ತಲಲ್ಲಿ ಚಟ್ಟದ ಮೇಲೆ ಮಲಗಿಸಿದ್ದಳು. ಒಳಗೆ ಬಿಡುವುದು ಸತ್ತವನ ಮನೆಯವರನ್ನು, ಗೋಳಾಡಲು ಗೊತ್ತುಮಾಡಿದ ಹೆಂಗಸರನ್ನು ಮಾತ್ರ. ಬಾಗಿಲಲ್ಲಿ ಬಲ್ದೊನ ಆಳುಗಳಿಬ್ಬರು ಯಾರು ಅಳುತ್ತಾರೆ, ಏನೆಂದು ಅಳುತ್ತಾರೆ ಎಂದು ನೋಡುತ್ತ ನಿಂತಿದ್ದರು. ಗೋಳಿನವರ ಹಿರಿಯಳು ನೂತಾ ನನಗೆ ದೂರದ ಪರಿಚಯ. ಅವಳ ಕಾಲು ಹಿಡಿದೆ. “ನೀನು ಬೇರೆ ಹೆಸರು ಕೂಗಿದ್ರೆ ನಮ್ಮೆಲ್ಲರ ತಲೆ ಹೋಗುತ್ತೆ ಕಣೇ,” ಎಂದಳು. ಕೂಗುವುದಿಲ್ಲ ಎಂದು ಆಣೆ ಮಾಡಿದೆ. ಒಂದು ಕರಿಬಟ್ಟೆ ಕೊಟ್ಟಳು.

ನಮ್ಮಲ್ಲಿ ಗೋಳಿನವರು ಒಬ್ಬೊಬ್ಬರಾಗಿ ಚಟ್ಟದ ಕಾಲ ಬಳಿ ಬಾಗಿ, ಸತ್ತವನನ್ನು ಅವನ ಹೆಸರಿನಿಂದಲೂ ತಾಯಿಯ ಹೆಸರಿನಿಂದಲೂ ಮೂರು ಸಲ ಕರೆಯಬೇಕು. ಕರೆದವರಿಗೆ ಮಾತ್ರ ಮುಟ್ಟುವ ಹಕ್ಕು. ಗಿಸೋಲಾ ತಲೆಯ ಬಳಿ ಕೂತಿದ್ದಳು. ಅವಳು ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು. ನಾನು ಬಂದದ್ದನ್ನು ಕಂಡಳು, ಗುರುತಿಸಿದಳು, ಬಾಗಿಲಿನ ಆಳುಗಳ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿಕೊಂಡಳು.

ಐವರು ಕರೆದು ಹಿಂದೆ ಸರಿದರು. ನನ್ನ ಸರದಿ ಬಂತು. ಬಾಗಿದೆ. ಅವನ ಪಾದಕ್ಕೂ ನನ್ನ ಕೈಗೂ ಗೇಣಷ್ಟೇ ದೂರ.

“ನೇರೀ,” ಎಂದು ಕರೆದೆ. “ಗಿಸೋಲಾಳ ಮಗನೇ, ನೇರೀ.”

ನೂತಾ ಇನ್ನೂ ಎರಡು ಸಲ ಎಂದು ಬೆರಳು ತೋರಿಸಿದಳು. ಇನ್ನೂ ಎರಡು ಸಲ ಕರೆದೆ, ಬಾಗಿಲ ತನಕ ಕೇಳಿಸುವ ಹಾಗೆ. ಆಮೇಲೆ ಅವನ ಪಾದ ಮುಟ್ಟಲು ಬಿಟ್ಟರು.